ಮಹೇಶಕುಮಾರನ ಪಚ್ಚ ಕಾರು

ನಮ್ಮ ಮಹೇಶಕುಮಾರನ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ಕೂತೆ. ಎದ್ದು ಚಹಾ ಕುಡಿದು ಬಂದು ಮತ್ತೆ ಕೂತೆ. ಏನೂ ಸಿಗಲಿಲ್ಲ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ.

ಅವನು ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಸುಂದರಾಬಾಯಿಯ ಒಬ್ಬನೇ ಮಗ, ನನಗಿಂತ ಸಣ್ಣವನು. ಪಟಾನ್‌ಚೆರುವಿನಲ್ಲಿ ಅವನದು ಖಾಲಿ ಡ್ರಮ್ಮುಗಳ ವ್ಯಾಪಾರ. ಔಷಧದ ಕಾರ್ಖಾನೆಯವರು ಬಿಸಾಡುವ ನೀಲಿ ಡ್ರಮ್ಮುಗಳನ್ನು ಕೊಂಡು, ತೊಳೆಸಿ, ಮಾರುತ್ತಾನೆ. ಬೇಸಿಗೆಯಲ್ಲಿ ಅರ್ಧ ಹೈದರಾಬಾದು ನೀರು ತುಂಬಿಡುವುದು ಅವನ ಡ್ರಮ್ಮಿನಲ್ಲೇ. ಮರ್ಯಾದೆಯ ಕಸುಬು, ನಾನು ತಪ್ಪು ಹೇಳುವುದಿಲ್ಲ. ಆದರೆ ಅವನ ಕಾರ್ಡಿನ ಮೇಲೆ ‘ಕೆಮಿಕಲ್ ಪ್ಯಾಕೇಜಿಂಗ್ ಸಲ್ಯೂಷನ್ಸ್’ ಎಂದಿದೆ. ಡ್ರಮ್ಮು ಎಂಬ ಶಬ್ದ ಕೇಳಿದರೆ ಅವನಿಗೆ ಮೈಯೆಲ್ಲ ತುರಿಕೆ.

ಹುಟ್ಟಿದ್ದು ಹುಮನಾಬಾದಿನಲ್ಲಿ. ಅವನಪ್ಪ ಹಣಮಂತರಾಯರಿಗೆ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಾಗ ಇವನಿನ್ನೂ ಕೈಗೂಸು. ಸ್ಟೇಷನ್ನಿನ ಹಿಂದಿನ ಗಲ್ಲಿಯೊಂದರಲ್ಲಿ ಒಂದೇ ಖೋಲಿ. ಅಲ್ಲಿ ಮೌಶಿಗೆ ವಿಷಮಜ್ವರ ಬಂದು ತಿಂಗಳುಗಟ್ಟಲೆ ಮಲಗಿದಾಗ ಈ ಕೂಸನ್ನು ಉಳಿಸಿದವಳು ಪಕ್ಕದ ಖೋಲಿಯ ಗದಿಗೆಮ್ಮ, ಸೇಡಂ ಕಡೆಯವಳು. ತನ್ನ ಮಗುವಿನ ಜೊತೆ ಇವನಿಗೂ ಹಾಲು ಕುಡಿಸಿದಳು. ದೊಡ್ಡವನಾದ ಮೇಲೂ ಅವಳು ಕೈತುತ್ತು ಇಟ್ಟರೆ ಮಾತ್ರ ಉಣ್ಣುತ್ತಿದ್ದ. ಆ ಗದಿಗೆಮ್ಮ ಇನ್ನೂ ಅದೇ ಗಲ್ಲಿಯಲ್ಲಿದ್ದಾಳೆ. ಈಗ ಸೊಂಟ ಮುರಿದು ಮಂಚದ ಮೇಲಿದ್ದಾಳೆ, ಕಣ್ಣೂ ಮಸುಕು.

ಮಹೇಶ ಕೊಂಡಾಪುರದಲ್ಲಿ ಬಂಗಲೆ ಕಟ್ಟಿಸಿದ ಮೇಲೆ ಕನ್ನಡ ಬಿಟ್ಟ. ಸಿಗರೇಟು ಬಿಟ್ಟ ಹಾಗಲ್ಲ, ರೋಗ ಬಿಟ್ಟ ಹಾಗೆ. ಕಾಲನಿಯವರ ಮುಂದೆ ತಾನು ತಲೆತಲಾಂತರದ ಹೈದರಾಬಾದಿನವನು, ತೆಲುಗಿನವನು. ತಾಯಿಯೊಂದಿಗೆ ಹಿಂದಿ. ಮೌಶಿ ಮಾತ್ರ ಬಿಡದೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವಳಿಗೆ ಬೇರೆ ಬರುವುದೂ ಇಲ್ಲ.

ಅವನ ತೆಲುಗಿನ ಬಡಿವಾರ ಕೇಳಬೇಕು! ಬೆಳೆದದ್ದೆಲ್ಲ ನಾಂಪಲ್ಲಿಯ ಹಿಂದಿಯಲ್ಲಿ. ಡ್ರಮ್ಮಿನ ವ್ಯಾಪಾರವೂ ಅದರಲ್ಲೇ. ತೆಲುಗು ಕಲಿತದ್ದು ಬಂಗಲೆಗೆ ಬಂದ ಮೇಲೆ, ಅದೂ ಅಡ್ಡದಾರಿಯಲ್ಲಿ. ಕನ್ನಡದ ‘ಹ’ ತೆಗೆದು ‘ಪ’ ಹಾಕಿದರೆ ತೆಲುಗು ಆಯಿತು ಎಂದು ಅವನ ಲೆಕ್ಕ. ಹಾಲು ಪಾಲಾಯಿತು, ಹುಲಿ ಪುಲಿಯಾಯಿತು, ಅಷ್ಟಕ್ಕೇ ಪಂಡಿತನಾದ. ಬೇರೆ ಶಬ್ದಗಳಿಗೆ ಸ್ವಲ್ಪ ಬಾಲ ಕತ್ತರಿಸಿ ಮೂತಿ ಉದ್ದ ಮಾಡಿ ಹೇಳುತ್ತಿದ್ದ. ನಾನು ರಾಮಚಂದ್ರಾಪುರದ ಸರ್ಕಾರಿ ಕಾರ್ಖಾನೆಯ ಆಫೀಸಿನಲ್ಲಿ ತೆಲುಗರ ನಡುವೆಯೇ ಕೆಲಸ ಮಾಡಿ ನಿವೃತ್ತಳಾದವಳು. ಒಮ್ಮೆ ತಿದ್ದಲು ಹೋದೆ. “ತುಮ್ ಚುಪ್ ಬೈಠೋ ವಾಸಂತಕ್ಕಾ” ಅಂದ. ಸುಮ್ಮನೆ ಕೂತೆ. ಹಾಳಾಗಿ ಹೋಗು, ನನಗೇನು.

ಇಂಥವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿಸಿದವರು ಗೋಪಿನಾಥ ಎಂಬ ಬಿಲ್ಡರ್. ಭಾನುವಾರ ಬೆಳಿಗ್ಗೆ ಅವರ ಗುಂಪಿನವರೆಲ್ಲ ತಮ್ಮ ತಮ್ಮ ಕಾರು ತೆಗೆದುಕೊಂಡು ಹೊರವರ್ತುಲ ರಸ್ತೆಯಲ್ಲಿ ಗುರ್ ಎಂದು ಸದ್ದು ಮಾಡಿಕೊಂಡು ಹೋಗುತ್ತಾರೆ, ಎಲ್ಲೋ ಇಡ್ಲಿ ತಿಂದು ವಾಪಸ್ಸು ಬರುತ್ತಾರೆ. ಇಡ್ಲಿಗೆ ಅಷ್ಟು ಸದ್ದು ಯಾಕೆ ಬೇಕೋ ದೇವರಿಗೇ ಗೊತ್ತು. ಆ ಗುಂಪಿಗೆ ಸೇರಲೇಬೇಕೆಂದು ಮಹೇಶ ಜ್ಯುಬಿಲಿ ಹಿಲ್ಸಿನ ಡೀಲರ್ ಒಬ್ಬನಲ್ಲಿ ಇಟಲಿಯ ಕಾರು ಆರ್ಡರ್ ಮಾಡಿದ. ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಸೀಟಿನ ಚರ್ಮದಿಂದ ಹಿಡಿದು ಅದರ ಹೊಲಿಗೆಯ ದಾರದವರೆಗೆ ಎಲ್ಲವನ್ನೂ ನಾವೇ ಆರಿಸಬೇಕಂತೆ. ಆಮೇಲೆ ಅಲ್ಲಿ ಕಟ್ಟಿ, ಹಡಗಿನಲ್ಲಿ ಕಳಿಸುತ್ತಾರಂತೆ. ಬಣ್ಣ ಒಂದು ತೀರ್ಮಾನವಾಗದೆ ಉಳಿದಿತ್ತು.

ಆ ದಿನಗಳಲ್ಲೇ ಮೌಶಿ ಅವನನ್ನು ಒಂದೇ ಒಂದು ಕೇಳಿಕೊಂಡಳು.

“ಮಹೇಶಾ, ನನ್ನ ಒಮ್ಮೆ ನಾಂಪಲ್ಲಿಗೆ ಕರಕೊಂಡ ಹೋಗೋ. ಗದಿಗೆಮ್ಮ ಈಗೋ ಆಗೋ ಅನ್ನಂಗ ಅದಾಳ. ನೀ ಅಕಿ ಬಾಗಲಿಗೆ ಕಾರಿನ್ಯಾಗ ಬರಬೇಕು, ಅಕಿ ನೋಡಬೇಕು. ಮತ್ತೇನೂ ಬ್ಯಾಡ ನನಗ.”

ಹಳೆಯ ಕಾರು ಅಂಗಳದಲ್ಲೇ ನಿಂತಿತ್ತು. ಅರ್ಧ ದಿನದ ಕೆಲಸ. ಆದರೆ ನಾಂಪಲ್ಲಿಯಲ್ಲಿ ಯಾರಾದರೂ “ಏ ಮಹ್ಯಾ” ಎಂದು ಕೂಗಿಬಿಟ್ಟರೆ?

“ನಯೀ ಗಾಡೀ ಆನೇ ದೋ ಅಮ್ಮಾ. ಪೆಹಲೇ ಆಪ್‌ಕೋಚ್ ಲೇಕೇ ಜಾತೂಂ” ಅಂದ. ಹೊಸ ಕಾರು ಬರಲಿ, ಮೊದಲು ನಿನ್ನನ್ನೇ ಕರೆದೊಯ್ಯುತ್ತೇನೆ ಎಂದು. ಬಾಯಿ ಮುಚ್ಚಿಸಲು ಆಡಿದ ಮಾತು. ಆ ಪೆದ್ದಿ ಅದನ್ನೇ ಗಂಟು ಹಾಕಿಕೊಂಡಳು.

ಬಣ್ಣ ಹೇಳುವ ಕೊನೆಯ ದಿನ ನಾನು ಅವನ ಬಂಗಲೆಯಲ್ಲೇ ಇದ್ದೆ. ಗೋಪಿನಾಥ ಮತ್ತು ನಾಲ್ಕಾರು ದೊಡ್ಡ ಮನುಷ್ಯರು ಊಟಕ್ಕೆ ಬಂದಿದ್ದರು. ನಾನೂ ಮೌಶಿಯೂ ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದೆವು. ಮೌಶಿ ತಡೆಯಲಾರದೆ ತಟ್ಟೆ ಹಿಡಿದು ತಾನೇ ಹಾಲಿಗೆ ಹೋದಳು. ಗೋಪಿನಾಥ ಎದ್ದು ನಿಂತು, ಇವರು ಯಾರು ಎಂದು ತೆಲುಗಿನಲ್ಲಿ ಕೇಳಿದರು.

“ಊರಿನಿಂಚಿ ಒಚ್ಚಿಂದಂಡಿ. ದೂರಪು ಚುಟ್ಟಂ” ಅಂದ ಮಹೇಶ.

ಊರಿನಿಂದ ಬಂದ ದೂರದ ಸಂಬಂಧಿ! ಹೆತ್ತವಳು! ಮೌಶಿಗೆ ತೆಲುಗು ತಿಳಿಯುವುದಿಲ್ಲ. ಮಗ ತನ್ನ ಪರಿಚಯ ಮಾಡಿಕೊಡುತ್ತಿದ್ದಾನೆ ಎಂದು ಹಿಗ್ಗಿ ಎಲ್ಲರಿಗೂ ಕೈ ಮುಗಿದಳು. ಕೈಯಲ್ಲಿದ್ದ ಜಾರೆ ಸೌಟು ಅವನ ತಲೆಗೆ ಬೀಸಬೇಕು ಅನ್ನಿಸಿತು ನನಗೆ. ಮೌಶಿಯ ಮುಖ ನೋಡಿ ಬಿಟ್ಟೆ.

ಅಷ್ಟರಲ್ಲಿ ಡೀಲರ್ ಕಡೆಯ ನಿತಿನ ಎಂಬ ಹುಡುಗನ ಫೋನು ಬಂತು. ಮಹೇಶ ಬೇಕಂತಲೇ ಸ್ಪೀಕರಿಗೆ ಹಾಕಿದ. ಬಣ್ಣ ಯಾವುದು ಸಾರ್, ಇವತ್ತು ಹೇಳದಿದ್ದರೆ ಸರದಿ ತಪ್ಪುತ್ತದೆ ಎಂದು ಆ ಹುಡುಗ ಇಂಗ್ಲಿಷಿನಲ್ಲಿ ಕೇಳಿದ. ಗೋಪಿನಾಥರದು ಕೆಂಪು, ಇನ್ನೊಬ್ಬರದು ನೀಲಿ. ಹಸಿರು ಯಾರದೂ ಇರಲಿಲ್ಲ. ಹಸಿರೇ ಆಗಲಿ ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದ. ಸುಮ್ಮನೆ ಇಂಗ್ಲಿಷಿನಲ್ಲಿ ‘ಗ್ರೀನ್’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಗೋಪಿನಾಥ ಕೂತಿದ್ದಾರಲ್ಲ, ತೆಲುಗೇ ಆಗಬೇಕು. ಕನ್ನಡದ ‘ಪಚ್ಚೆ’ಯ ಬಾಲ ಕತ್ತರಿಸಿದ.

“ಪಚ್ಚ ಪೆಟ್ಟಂಡಿ!”

“ಪಚ್ಚನಾ ಸಾರ್? ಪಕ್ಕಾ?”

“ಪಕ್ಕಾ ಪಚ್ಚ!”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ತೆಲುಗಿನವರು ಹಸಿರಿಗೆ ‘ಆಕುಪಚ್ಚ’ ಅನ್ನುತ್ತಾರೆ. ಬರೀ ‘ಪಚ್ಚ’ ಅಂದರೆ ಹೆಚ್ಚಿನವರಿಗೆ ಹಳದಿ. ಹೇಳಬಹುದಿತ್ತು. ಆದರೆ ಚುಪ್ ಬೈಠೋ ಅಂದಿದ್ದನಲ್ಲ, ಬೈಠಿದ್ದೆ. ಮರುದಿನ ಡೀಲರನ ಕಾಗದ ಬಂತು, ಅದರಲ್ಲಿ ಬಣ್ಣದ ಹೆಸರು ಇಟಲಿಯ ಭಾಷೆಯಲ್ಲಿ ‘ಜಾಲ್ಲೊ’ ಎಂದಿತ್ತಂತೆ, ಅಂದರೆ ಹಳದಿ. ಅದೇನೆಂದು ಯಾರನ್ನಾದರೂ ಕೇಳಿದರೆ ಮರ್ಯಾದೆ ಕಡಿಮೆಯಾಗುತ್ತದಲ್ಲ! ಸಹಿ ಹಾಕಿ ಕಳಿಸಿದ. ಸಿಕ್ಕವರ ಮುಂದೆಲ್ಲ “ನಮ್ಮದು ಜಾಲ್ಲೊ” ಎಂದು ಹೇಳಿಕೊಂಡು ತಿರುಗಿದ.

ಕಾರು ಬಂದದ್ದು ಜನವರಿಯಲ್ಲಿ. ಷೋರೂಮಿನಲ್ಲಿ ಪೂಜೆ, ಗೋಪಿನಾಥರ ಗುಂಪಿಗೆಲ್ಲ ಆಮಂತ್ರಣ. ಮೌಶಿ ಇಲಕಲ್ ಸೀರೆ ಉಟ್ಟು, ಗದಿಗೆಮ್ಮನಿಗೆಂದು ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಸಜ್ಜಾಗಿ ನಿಂತಿದ್ದಳು. ಅಲ್ಲಿ ಗದ್ದಲ ಇದೆ, ಕಾರು ಮನೆಗೇ ಬರುತ್ತದಲ್ಲ, ಗೇಟಿನ ಹತ್ತಿರವೇ ಕಾಯುತ್ತಿರು ಎಂದು ಅವಳಿಗೆ ಹೇಳಿದ. ನನ್ನನ್ನು ಕರೆದುಕೊಂಡು ಹೋದ. ಆರತಿ ತಟ್ಟೆ ಹಿಡಿಯಲು ಯಾರಾದರೂ ಬೇಕಿತ್ತು, ಅವನ ಹೆಂಡತಿ ಕಾವ್ಯಾಳಿಗೆ ಫೋಟೊ ತೆಗೆಸಿಕೊಳ್ಳುವ ಕೆಲಸ ಇತ್ತು.

ಕೆಂಪು ಬಟ್ಟೆ ಎಳೆದರು. ಕೆಳಗೆ ಅರಿಶಿನದಲ್ಲಿ ಅದ್ದಿ ತೆಗೆದಂಥ ಕಾರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಹೇಶನ ಮುಖ ಮಾತ್ರ ನೋಡುವ ಹಾಗಿತ್ತು. ಮೊದಲು ತೆಲುಗಿನಲ್ಲೇ ಕೇಳಿದ, ನಾನು ಪಚ್ಚ ಹೇಳಿದ್ದೆನಲ್ಲ ಎಂದು. ನಿತಿನ ಅಷ್ಟೇ ವಿನಯದಿಂದ, “ಇದಿ ಪಚ್ಚೇ ಕದಾ ಸಾರ್” ಅಂದ. ಇವನು ಮತ್ತೆ ಪಚ್ಚ ಅಂದ, ಅವನು ಮತ್ತೆ ಇದೇ ಪಚ್ಚ ಅಂದ. ಕೊನೆಗೆ ಇವನ ತೆಲುಗು ತೀರಿತು. ತಲೆತಲಾಂತರದ ಹೈದರಾಬಾದಿನವನ ಬಾಯಿಂದ ಹುಮನಾಬಾದು ಹಾರಿ ಬಂತು.

“ಏ, ನಾ ಹಸರ ಹೇಳೀನಲ್ಲೋ! ಹಸರ! ಎಲಿ ಬಣ್ಣ! ನಿನಗೇನ್ ಕಿವಿ ಒಡದಾವೇನಲೇ?”

 ಯಾರೋ ಕಿಸಕ್ಕೆಂದರು. ಅಷ್ಟೇ, ಎಲ್ಲರೂ ಶುರು ಮಾಡಿದರು. ಗೋಪಿನಾಥ ಹೊಟ್ಟೆ ಹಿಡಿದುಕೊಂಡು ನಕ್ಕು ಇವನ ಹೆಗಲ ಮೇಲೆ ಕೈ ಹಾಕಿದರು.

“ಮೀರು ಕನ್ನಡಮಾ? ಮುಂದೇ ಚೆಪ್ಪಚ್ಚು ಕದಂಡಿ! ಮಾ ಅಮ್ಮಮ್ಮದಿ ರಾಯಚೂರೇ!”

ಮೊದಲೇ ಹೇಳಬಾರದೆ, ನಮ್ಮ ಅಜ್ಜಿಯ ಊರೂ ರಾಯಚೂರೇ ಎಂದು. ಆ ಮನುಷ್ಯ ಖುಷಿಯಿಂದ ಹೇಳಿದರು, ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಂದರೆ ಇಷ್ಟು ವರ್ಷ ಇವನು ಮುಚ್ಚಿಟ್ಟದ್ದು ಯಾರಿಗೂ ಬೇಡವಾದ ಗುಟ್ಟು. ತಾಯಿಯನ್ನು ದೂರದ ಸಂಬಂಧಿ ಮಾಡಿದ್ದೂ ಪುಕ್ಕಟೆ. ನನಗೆ ನಗು ಬರಲಿಲ್ಲ, ಥೂ ಅನ್ನಿಸಿತು. ಆರತಿ ತಟ್ಟೆ ಅಲ್ಲೇ ಮೇಜಿನ ಮೇಲೆ ಇಟ್ಟೆ.

ಕಾಗದಕ್ಕೆ ಸಹಿ ಇದ್ದದ್ದರಿಂದ ಡೀಲರ್ ವಾಪಸ್ಸು ತೆಗೆದುಕೊಳ್ಳಲಿಲ್ಲ. ಕಾರು ಮನೆಗೆ ಬಂತು. ನಾನೂ ಕಾವ್ಯಾಳೂ ಹಿಂದೆ ಇನ್ನೊಂದು ಕಾರಿನಲ್ಲಿ ಬಂದೆವು. ಮೌಶಿ ಅದೇ ಸೀರೆಯಲ್ಲಿ, ಅದೇ ಡಬ್ಬಿ ಹಿಡಿದು, ಗೇಟಿನ ಹತ್ತಿರ ಕುರ್ಚಿಯ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಒಳಗೇ ಹೋಗಿರಲಿಲ್ಲವಂತೆ.

“ಅಯ್ಯ ನನ್ನಪ್ಪಾ, ಅರಿಷಿಣ ಬಣ್ಣ! ಭಾಳ ಛಂದ ಐತಿ. ನಡಿ, ಹೊತ್ತ ಮುಳಗೂದರಾಗ ಗದಿಗೆಮ್ಮಗ ತೋರಿಸಿ ಬರೂಣು.”

ಮಹೇಶ ಇಳಿದು ಕಾರಿನ ಬಾಗಿಲು ಧಡಾರೆಂದು ಬಡಿದ.

“ಎಲ್ಲಾ ನಿನ್ನಿಂದನ ಅವ್ವಾ! ನಿನ್ನ ಈ ದರಿದ್ರ ಭಾಷಾ ನನ್ನ ನಾಲಗಿಗೆ ಅಂಟಿಕೊಂಡ ಕುಂತೈತಿ! ಮಂದ್ಯಾಗ ನನ್ನ ಮಾನಾ ಹೋತು! ಯಾವ ನಾಂಪಲ್ಲಿನೂ ಇಲ್ಲ, ಯಾವ ಗದಿಗೆಮ್ಮನೂ ಇಲ್ಲ. ಒಳಗ ಹೋಗಿ ಬೀಳು!”

ಕಾರಿಗೆ ಮುಸುಕು ಹಾಕಿಸಿ ಮೇಲೆ ಹೋಗಿಬಿಟ್ಟ. ನಾನು ಮೌಶಿಯ ಭುಜ ಹಿಡಿದುಕೊಂಡೆ. ಅಳುತ್ತಾಳೆ ಅಂದುಕೊಂಡರೆ ಅವಳ ಮುಖದಲ್ಲಿ ಬೇರೆಯೇ ಏನೋ ಇತ್ತು.

“ವಾಸಂತಿ, ಕೇಳಿದ್ಯಾ? ಅವ್ವಾ ಅಂದ ನೋಡು. ಎಷ್ಟ ವರ್ಷಾಗಿತ್ತ.”

 ನಾನು ಡಬ್ಬಿ ಇಸಿದುಕೊಂಡು ಅವಳನ್ನು ಒಳಗೆ ಕರೆದುಕೊಂಡು ಹೋದೆ.

ಮರುದಿನ ನಾನೇ ಆಟೋ ಮಾಡಿಕೊಂಡು ಅವಳನ್ನು ನಾಂಪಲ್ಲಿಗೆ ಕರೆದೊಯ್ದೆ. ಅಲ್ಲಿ ನುಮಾಯಿಷ್ ಎಂಬ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆದಿದ್ದರಿಂದ ರಸ್ತೆಯೆಲ್ಲ ಜನಜಾತ್ರೆ. ಆಟೋದವನನ್ನು ಗಲ್ಲಿಯ ಬಾಯಿಗೇ ಕಾಯಲು ಹೇಳಿ ಒಳಗೆ ನಡೆದೆವು. ಗದಿಗೆಮ್ಮನ ಮಂಚ ಬಾಗಿಲಿಗೆ ನೇರವಾಗಿತ್ತು. ಮೌಶಿಯ ಕೈ ಹಿಡಿದುಕೊಂಡೇ ಅವಳು ಕಣ್ಣು ಕಿರಿದು ಮಾಡಿ ಹೊರಗೆ ನೋಡಿದಳು.

“ಸುಂದರಾ, ಅಲ್ಲಿ ಏನೋ ಹಳದಿ ಹಳದಿ ಕಾಣಾಕತ್ತೈತಿ. ಮಹೇಶನ ಹೊಸಾ ಕಾರೇನ?”

ಗಲ್ಲಿಯ ಬಾಯಿಯಲ್ಲಿ ನಿಂತದ್ದು ನಮ್ಮ ಹಳದಿ ಆಟೋ. ನಾನು ಬಾಯಿ ತೆರೆದೆ. ಮೌಶಿ ನನ್ನ ಕೈ ಅದುಮಿದಳು.

“ಹೂಂನವಾ, ಅದ.”

“ಹಸರ ಕಾರ್ ಅಂತ ಫೋನಿನ್ಯಾಗ ಹೇಳಿದ್ದಿ?”

“ನನಗ ಕಿವಿ ಸರಿ ಇಲ್ಲ ನೋಡು. ಅಂವ ಹಳದೀನ ಅಂದಿದ್ದ. ತಪ್ಪ ನಂದು.”

ಹೊರಗೆ ಆಟೋದವನು ಬೇಸರದಿಂದ ಪೀಂ ಪೀಂ ಎಂದ.

“ಅಂವ ಒಳಗ ಬರೂದಿಲ್ಲೇನ?”

“ಭಾಳ ತುಟ್ಟಿ ಕಾರಂತ. ಬಿಟ್ಟ ಬರಾಕ ಬರೂದಿಲ್ಲಂತ. ನಿನಗ ಶರಣ ಹೇಳ ಅಂದಾನ.”

ಗದಿಗೆಮ್ಮನ ಮುಖ ಅರಳಿತು. ಡಬ್ಬಿಯಿಂದ ಒಂದು ಹೋಳಿಗೆ ತೆಗೆದು, ಮುರಿದು, ಅರ್ಧ ಮೌಶಿಯ ಕೈಗಿಟ್ಟಳು.

“ಇದನ್ನ ಅವಗ ಕೊಡು. ಗದಿಗೆಮ್ಮ ಕೊಟ್ಟಾಳ ಅನ್ನು. ನನ್ನ ಕೈಯಾಂದು ಅಂದ್ರ ಒಲ್ಲೆ ಅನ್ನಾಂವಲ್ಲ.”

ಮೌಶಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಟೋ ದಾರಿಯ ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಗಂಟು ಬಿಚ್ಚಿ, ಆ ಅರ್ಧ ಹೋಳಿಗೆಯನ್ನು ಆಟೋದವನಿಗೆ ಕೊಟ್ಟಳು. ಅವನು ಪೂರಾ ತಿಂದ. ಬಹಳ ರುಚಿಯಾಗಿದೆ ಅಮ್ಮಾ ಎಂದು ಹಿಂದಿಯಲ್ಲಿ ಹೇಳಿ, ಪ್ಯಾಂಟಿಗೆ ಕೈ ಒರೆಸಿಕೊಂಡ.

ಮನೆ ಹತ್ತಿರ ಬಂದಾಗ ಮೌಶಿ ಮೆಲ್ಲಗೆ ಹೇಳಿದಳು.

“ವಾಸಂತಿ, ಗದಿಗೆಮ್ಮನ ಕಣ್ಣ ಹೋಗ್ಯಾವಂತ ಮಹೇಶಗ ಹೇಳಬ್ಯಾಡ. ಪಾಪ, ಸಂಕಟ ಮಾಡ್ಕೋತಾನ.”

ಸಂಕಟವಂತೆ! ನಾನು ಹೇಳಲಿಲ್ಲ. ಹೇಳಿದ್ದರೆ ಅವನು, ಯಾವ ಗದಿಗೆಮ್ಮ ಎಂದು ಕೇಳುತ್ತಿದ್ದ, ಅದೂ ಹಿಂದಿಯಲ್ಲಿ.