ಸೋಮವಾರದ ಮೊದಲ ಪೀರಿಯಡ್

ಎರಡು ಭಾಷೆಗಳಲ್ಲಿ ಪಾಠ ಹೇಳುವ ಶಿಕ್ಷಕರಾಗಲೆಂದು ಕಾಲೇಜಿಗೆ ಸೇರುವವರಿಗೆ ಮೊದಲ ಸೆಮಿಸ್ಟರಿನ ವಿಷಯಗಳನ್ನೂ ವೇಳಾಪಟ್ಟಿಯನ್ನೂ ಗೊತ್ತುಮಾಡಿ ಕೊಡುವುದು ಮೇಡಂ ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆದುಕೊಡುತ್ತಿದ್ದುದರಿಂದ ಪೆನ್ಸಿಲ್ ಮೇಡಂ ಎಂದೇ ಹೆಸರಾಗಿದ್ದರು. ಗಣಿತ, ಮನೋವಿಜ್ಞಾನ ಎಲ್ಲಿ ಬೇಕಾದರೂ ಬೀಳಲಿ, ಮನೆಮಾತಿನ ತರಗತಿ ಮಾತ್ರ ಸೋಮವಾರದ ಮೊದಲ ಪೀರಿಯಡ್ಡಿಗೇ ಬರಬೇಕು; ಅದರಲ್ಲಿ ಅವರದು ಉಡದ ಪಟ್ಟು.

ತಾಯಿ ತೀರಿಕೊಂಡ ಮೇಲೆ ರಜೆ ಮುಗಿಸಿ ಬಂದ ದಿನವೂ ಎಂದಿನಂತೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಮನೆಯಲ್ಲಿದ್ದವರು ತಾಯಿ ಮತ್ತು ಮೇಡಂ ಇಬ್ಬರೇ. ಅಳು ಬಂದಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ.

ಮನೆಮಾತಿನ ತರಗತಿ ಎಂದ ಕೂಡಲೇ ಎದುರು ಕೂತ ಹೊಸ ಹುಡುಗಿ ಮೂತಿ ಉದ್ದ ಮಾಡಿದಳು. "ದಿನಾ ಅಮ್ಮನ ಹತ್ರ ಅದೇ ಭಾಷೇಲಿ ಜಗಳ ಆಡ್ತೀನಿ ಮೇಡಂ. ಅದಕ್ಕೂ ಕ್ಲಾಸಿಗೆ ಬರ್ಬೇಕಾ?"

"ಜಗಳ ಆಡೋಕೆ ಬಂದ್ರೆ ಸಾಲ್ದು, ಭಾಗಾಕಾರ ಹೇಳ್ಕೊಡೋಕೂ ಬರ್ಬೇಕು," ಎಂದರು ಮೇಡಂ, ತಲೆ ಎತ್ತದೆ. ಸಾವಿರ ಸಲ ಹೇಳಿ ಸವೆದ ಮಾತು.

ಹುಡುಗಿ ನಕ್ಕಳು. "ನಿಮ್ಮನೇಲಿ ಯಾವ ಭಾಷೆ ಮಾತಾಡ್ತೀರ ಮೇಡಂ?"

ಅಷ್ಟು ವರ್ಷ ಎಲ್ಲರನ್ನೂ ತಾವೇ ಕೇಳಿದ್ದ ಪ್ರಶ್ನೆ. ಮೇಡಂ ಸೋಮವಾರದ ಸಾಲು ತುಂಬಿ, ಹಾಳೆಯನ್ನು ಅವಳ ಕಡೆ ಸರಿಸಿದರು.

"ಈಗ ಯಾವ್ದೂ ಇಲ್ಲಮ್ಮ. ಮುಂದಿನೋರನ್ನ ಕಳ್ಸು."