ಉದ್ದದ ಸ್ಕ್ರೂ

ಲ್ಯಾಪ್‌ಟಾಪ್ ರಿಪೇರಿಯವನನ್ನು ಬೀದಿಯವರೆಲ್ಲ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ತಾನು ಬಿಚ್ಚಿದ ಪ್ರತಿ ಲ್ಯಾಪ್‌ಟಾಪಿನ ತಳದ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಸಹಿ ಹಾಕುವುದು ಅವನ ಇಪ್ಪತ್ತು ವರ್ಷಗಳ ಹೆಮ್ಮೆ. ಬೇರೆಯವರ ಕೈಕೆಲಸ ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ.

ಗಣಿತದ ಟೀಚರ್ ತಂದ ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಡಿಸ್ಕ್ ಚೆಕ್ ಶುರುವಾಗಿ, ಹನ್ನೊಂದು ಪರ್ಸೆಂಟಿಗೆ ತಟ್ಟನೆ ಆರಿಹೋಗುತ್ತಿತ್ತು. ಡಿಸ್ಕ್ ಬದಲಿಸಿದರೂ ಮತ್ತದೇ ರಾಗ. ಕೊನೆಗೆ ನೋಡಿದರೆ, ಅಳತೆಗಿಂತ ಉದ್ದವಾದ ಸ್ಕ್ರೂ ಒಂದು ಡಿಸ್ಕಿನ ಕೇಬಲ್ಲನ್ನೇ ಕೊರೆದಿತ್ತು.

"ಯಾವ ಕಟುಕ ಬಿಚ್ಚಿದ್ನಮ್ಮಾ ಇದನ್ನ? ಅವನ ಕೈಗೆ ಸುತ್ತಿಗೆ ಕೊಡ್ಬೇಕಿತ್ತು!" ಎಂದು ಸೂರು ಹಾರಿಹೋಗುವಂತೆ ಕೂಗಾಡಿದ.

"ಗೊತ್ತಿಲ್ಲಪ್ಪ. ಹೋದ ವರ್ಷ ನಮ್ಮನೆಯವ್ರು ಎಲ್ಲೋ ತೋರ್ಸಿದ್ರು" ಎಂದರು ಟೀಚರ್.

ಹೊಸ ಕೇಬಲ್, ಗಿಡ್ಡ ಸ್ಕ್ರೂ ಹಾಕಿದ. ಡಿಸ್ಕ್ ಚೆಕ್ ಒಂದೇ ಉಸಿರಿಗೆ ನೂರು ಮುಟ್ಟಿತು. ಮೀಸೆ ತಿರುವುತ್ತ ಮಾರ್ಕರ್ ತೆಗೆದು, ಪಕ್ಕದಲ್ಲಿಟ್ಟಿದ್ದ ತಳದ ಮುಚ್ಚಳವನ್ನು ಮಗುಚಿದ.

ಹೋದ ವರ್ಷದ ತಾರೀಖಿನ ಸಮೇತ ಅವನದೇ ಸಹಿ ಅಲ್ಲಿ ಮೊದಲೇ ಕೂತಿತ್ತು. ಮಾರ್ಕರನ್ನು ಮೆಲ್ಲಗೆ ಜೇಬಿಗಿಳಿಸಿ, ಮುಚ್ಚಳವನ್ನು ಮತ್ತೆ ಬೋರಲು ಹಾಕಿದ.

ಟೀಚರ್ ಕುತೂಹಲದಿಂದ ಬಾಗಿದರು. "ಯಾಕೆ ಡಾಕ್ಟ್ರೇ, ಆ ಕಟುಕನ ಗುರುತು ಸಿಕ್ತಾ?"