ಮೀನಿನ ಸಾರು ಕದ್ದ ದಿನ

ನನಗಾಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊಸಪೇಟೆಯ ನಮ್ಮ ಮನೆಯಲ್ಲಿ ಅದಕ್ಕಾಗಿ ದಿನಾ ಬೈಸಿಕೊಳ್ಳುತ್ತಿದ್ದೆ. ಅಂಥವಳಿಗೆ ಸಿಕ್ಕ ಕೆಲಸವಾದರೂ ಏನು? ಜನರ ಮುಂದೆ ತಾಳ್ಮೆಯಿಂದ ಕೂತು ಪ್ರಶ್ನೆ ಕೇಳುವುದು! ದುಡಿಯಲು ಹೊರಗಿನಿಂದ ಬಂದವರು, ನಮ್ಮ ಮಾತು ಬಾರದವರು, ನೆರೆಯೋ ಬೆಂಕಿಯೋ ಬಂದರೆ ಹೇಗೆ ಪಾರಾಗುತ್ತಾರೆ ಎಂದು ನಮ್ಮ ಪ್ರೊಫೆಸರರು ಅಧ್ಯಯನ ನಡೆಸಿದ್ದರು. ಊರೂರು ತಿರುಗಿ ಕೇಳಿಕೊಂಡು ಬರುವವಳು ನಾನು.

ಗಣಿ ಜೋರಾಗಿದ್ದ ಕಾಲ. ಅದಿರಿನ ಲಾರಿಗಳು ಓಡಾಡಿ ರಸ್ತೆಗಳೆಲ್ಲ ಕೆಟ್ಟು ಕೆರ ಹಿಡಿದಿದ್ದವು. ಅವನ್ನು ರಿಪೇರಿ ಮಾಡಲು ಒರಿಸ್ಸಾದಿಂದ ಬಂದ ಒಂದು ಗುಂಪನ್ನು ಗುತ್ತಿಗೆದಾರ ಕಂಪ್ಲಿಯ ಹೊಳೆದಂಡೆಯಲ್ಲೇ ತಗಡಿನ ಶೆಡ್ಡು ಹಾಕಿ ಇಳಿಸಿದ್ದ. ಗುಂಪಿಗೆಲ್ಲ ಅಡುಗೆ ಮಾಡುತ್ತಿದ್ದವಳು ಒಬ್ಬ ಒಡಿಯಾ ಹೆಂಗಸು, ಸೊಂಟದ ಮೇಲೆ ಸದಾ ಒಂದು ಕೂಸು. ಪಕ್ಕದ ಶೆಡ್ಡಿನಲ್ಲಿ ಬಂಡ್ರಿ ಕಡೆಯ ಲಂಬಾಣಿ ಹೆಂಗಸು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು; ಆದರೂ ನಲ್ಲಿಯ ಹತ್ತಿರ ಇಬ್ಬರೂ ಹೊಟ್ಟೆ ತುಂಬ ಜಗಳವಾಡುತ್ತಿದ್ದರು.

ಅವತ್ತು ನಾನು ಅಲ್ಲಿದ್ದಾಗಲೇ, ಡ್ಯಾಮಿನಿಂದ ನೀರು ಬಿಡುತ್ತಾರೆ, ದಂಡೆ ಖಾಲಿ ಮಾಡಿ ಎಂದು ಆಟೋದಲ್ಲಿ ಮೈಕು ಹಿಡಿದು ಕೂಗಿಕೊಂಡು ಹೋದರು. ಮಳೆಯಿಂದ ಕೆಲಸವಿಲ್ಲದೆ ಗಂಡಸರು ಮಲಗಿದ್ದರು. ಅಡುಗೆಯವಳು ಮೀನಿನ ಸಾರು ಕುದಿಸುತ್ತಿದ್ದಳು. ಏಳಿ, ಮೇಲಿನ ಶಾಲೆಗೆ ಹೋಗಿ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ಅವಳು ಅಲುಗಾಡಲಿಲ್ಲ. ಹಿಂದೆ ದುಡಿದ ಊರಿನಲ್ಲೂ ಹೀಗೇ ಹೆದರಿಸಿ ಎಬ್ಬಿಸಿದ್ದರಂತೆ. ನೀರು ಬರಲಿಲ್ಲವಂತೆ, ತಿರುಗಿ ಬಂದರೆ ಶೆಡ್ಡೇ ಇರಲಿಲ್ಲವಂತೆ. ಜಾಗ ಬೇಕಾದವರು ಹೇಳುವ ಸುಳ್ಳು ಇದು ಎಂದಳು. ಗದರಿದೆ, ಕೈ ಮುಗಿದೆ, ಮತ್ತೆ ಗದರಿದೆ. ಹೊಳೆ ಆಗಲೇ ಕೆಂಪಗೆ ಉಬ್ಬಿತ್ತು. ಕೂಸು ನನ್ನ ಮುಖ ನೋಡಿ ನಗುತ್ತಿತ್ತು. ನನಗೆ ಅಳುವೇ ಬಂತು.

ಗಂಟು ಕಟ್ಟಿ ಹೊರಟಿದ್ದ ಲಂಬಾಣಿ ಹೆಂಗಸು ನಿಂತಳು. "ಎಷ್ಟ್ ಹೇಳ್ತೀರಿ ಮೇಡಂ, ಬಾಯಿ ನೋಯಂಗಿಲ್ಲೇನ್ರಿ?" ಎಂದವಳೇ ಸೀದಾ ಒಲೆಯ ಹತ್ತಿರ ಹೋಗಿ, ಸೆರಗು ಸುತ್ತಿ ಸಾರಿನ ಡಬರಿಯ ಒಂದು ಹಿಡಿಕೆ ಹಿಡಿದಳು. "ಆ ಕಡಿಗಿ ನೀವ್ ಹಿಡೀರಿ. ಜಲ್ದಿ!"

ಈರುಳ್ಳಿಗೂ ಮೂಗು ಮುರಿಯುವ ವೈಷ್ಣವರ ಮನೆಯ ಮಗಳು ನಾನು. ಮುಖ ಆಚೆ ತಿರುಗಿಸಿದೆ. ದುಪಟ್ಟಾ ಸುತ್ತಿ ಹಿಡಿದೆ. ಇಬ್ಬರೂ ಓಡಿದೆವು.

ಹಿಂದೆ ಎದ್ದ ಗಲಾಟೆಯೋ! ಅಡುಗೆಯವಳು ಕೂಸನ್ನೆತ್ತಿಕೊಂಡು, ಸೌಟು ಬೀಸುತ್ತ, ಬೈಯುತ್ತ ಬೆನ್ನು ಹತ್ತಿದಳು. ಊಟವೇ ಹೋಯಿತೆಂದು ಗಂಡಸರೂ ಎದ್ದು ಓಡಿ ಬಂದರು. ಸಾರು ತುಳುಕಿ ನನ್ನ ಕಾಲು ಸುಟ್ಟಿತು.

"ಅಯ್ಯೋ, ಸಾಯ್ತೀನಿ!" ಎಂದೆ.

"ಆಮ್ಯಾಲ ಸಾಯ್ರಿ, ಈಗ ನಡೀರಿ" ಎಂದಳು ಲಂಬಾಣಿ ಹೆಂಗಸು.

ಶಾಲೆಯ ಕಟ್ಟೆಯ ಮೇಲೆ ಡಬರಿ ಇಳಿಸಿದ ಕೂಡಲೇ ನನ್ನ ಬೆನ್ನಿಗೆ ಸೌಟಿನ ಏಟು ಬಿತ್ತು. ಲಂಬಾಣಿ ಹೆಂಗಸಿನ ಜಡೆ ಅಡುಗೆಯವಳ ಕೈಗೆ ಸಿಕ್ಕಿತ್ತು. ಗಂಡಸರು ಬಿಡಿಸಲು ಒದ್ದಾಡುತ್ತಿರುವಾಗಲೇ ಕೆಳಗೆ ತಗಡುಗಳು ಕಿರುಗುಟ್ಟಿದವು. ನೋಡನೋಡುತ್ತ ಶೆಡ್ಡುಗಳೆಲ್ಲ ಕುಸಿದು ಹೊಳೆಯ ಪಾಲಾದವು. ಅಡುಗೆಯವಳು ಜಡೆ ಬಿಟ್ಟಳು. ಕೂಸನ್ನು ಎದೆಗೊತ್ತಿಕೊಂಡು ಅಲ್ಲೇ ಕೂತಳು. ಆಮೇಲೆ ಎದ್ದು, ಶಾಲೆಯ ಬಿಸಿಯೂಟದ ಅನ್ನಕ್ಕೆ ಉಳಿದ ಸಾರು ಬಡಿಸಿದಳು. ಲಂಬಾಣಿ ಹೆಂಗಸಿಗೆ ದೊಡ್ಡ ತುಂಡು ಬಿತ್ತು. ನನಗೆ ಬರೀ ಅನ್ನ ಸಾಕೆಂದದ್ದಕ್ಕೆ ಮತ್ತೆ ಬೈದಳು. ಆ ಬೈಗುಳ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳತೀರದು.

ಮುಂದಿನ ಮಳೆಗಾಲಕ್ಕೂ ಆ ರಸ್ತೆ ಮುಗಿದಿರಲಿಲ್ಲ. ನಮ್ಮಲ್ಲಿ ಯಾವ ರಸ್ತೆ ಮುಗಿದಿದೆ ಹೇಳಿ! ದಂಡೆಯಲ್ಲಿ ಮತ್ತೆ ಶೆಡ್ಡುಗಳು, ಅದೇ ಇಬ್ಬರು ಹೆಂಗಸರು, ಜೊತೆಗೆ ಬಿಹಾರದಿಂದ ಬಂದ ಹೊಸ ಗುಂಪು. ಡ್ಯಾಮಿನ ಗೇಟು ತೆರೆಯುತ್ತಾರೆಂದು ಕೇಳಿದ್ದೇ ನಾನು ಹೊಸಪೇಟೆಯಿಂದ ಬಸ್ಸು ಹತ್ತಿದೆ. ಕಂಪ್ಲಿಯಲ್ಲಿ ಇಳಿದು ಹೊಳೆಯ ಕಡೆ ಓಡುತ್ತಿದ್ದರೆ, ಎದುರಿಗೆ ಒಡಿಯಾ ಹೆಂಗಸು ಮತ್ತು ಲಂಬಾಣಿ ಹೆಂಗಸು ಬರುತ್ತಿದ್ದರು. ನಡುವೆ ಹಬೆಯಾಡುವ ಒಂದು ಡಬರಿ. ಕೂಸು ಅಮ್ಮನ ಸೀರೆ ಹಿಡಿದು ಪುಟುಪುಟು ನಡೆಯುತ್ತಿತ್ತು. ಹಿಂದೆ ಬಿಹಾರದವರು, ಹೆಂಗಸರು ಮಕ್ಕಳ ಸಮೇತ, ಕಳ್ಳಿಯರು ಕಳ್ಳಿಯರು ಎಂದು ಹಿಂದಿಯಲ್ಲಿ ಕಿರುಚುತ್ತ ಓಡಿಬರುತ್ತಿದ್ದರು.

"ಏನಿದು, ಎಲ್ಲಾರೂ ಬೈಯಾಕತ್ತಾರಲ್ಲ!" ಎಂದೆ.

ಒಡಿಯಾ ಹೆಂಗಸು ನಿಲ್ಲಲೂ ಇಲ್ಲ. ನಮ್ಮೂರ ಕನ್ನಡದಲ್ಲೇ ಹೇಳಿದಳು: "ಬೈಲಿ ಬಿಡ್ರಿ ಮೇಡಂ. ಬರಾಕತ್ತಾರೋ ಇಲ್ಲೋ?"